ಸುತ್ತು ನಿಂತ ಮೇಲೂ ಜೊತೆಗಿದ್ದವರಿಗೆ

ಮೊನ್ನೆ ಸೋಮವಾರ ಅಂಗಡಿಯ ಶಟರ್ ಪೂರ್ತಿ ಎತ್ತಿದೆ. ಎರಡೂವರೆ ತಿಂಗಳಿಂದ ಅರ್ಧವೇ ಎತ್ತುತ್ತಿದ್ದೆವು. ಬಂದವರೆಲ್ಲ "ಹುಷಾರಾದ್ರಾ ಅಕ್ಕಾ?" ಅಂತ ಕೇಳಿದರು. ಒಬ್ಬೊಬ್ಬರಿಗೂ ನನ್ನ ತಲೆಸುತ್ತಿನ ಕತೆ ಹೇಳುತ್ತಾ ಕೂತರೆ ಬ್ಲೌಸ್ ಹೊಲಿಯೋದು ಯಾವಾಗ? ಅದಕ್ಕೇ ಬರೆದುಬಿಡುತ್ತಿದ್ದೇನೆ.

ಶುರುವಾಗಿದ್ದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಬೆಳಗಿನ ಜಾವ ಬಲಮಗ್ಗುಲಿಗೆ ಹೊರಳಿದೆ. ಫ್ಯಾನು, ಗೋಡೆ, ಬೀರು ಎಲ್ಲ ಗಿರ್ರನೆ ತಿರುಗಿದವು. ಅರ್ಧ ನಿಮಿಷವೂ ಇರಲಿಲ್ಲ ಅಂತ ಯಜಮಾನರು ಹೇಳುತ್ತಾರೆ. ಮಂಚ ಹಿಡಿದುಕೊಂಡಿದ್ದ ನನಗಲ್ವಾ ಗೊತ್ತು! ಅತ್ತೆ "ಪಿತ್ತ ಕೆದರಿದೆ" ಎಂದು ಜೀರಿಗೆ ಕಷಾಯ ಕೊಟ್ಟರು, ಸಂಜೆ ದೃಷ್ಟಿ ತೆಗೆದರು. ಮೊದಲು ತೋರಿಸಿದ ಕಡೆ ಕುತ್ತಿಗೆ ಎಕ್ಸ್‌ರೇ ತೆಗೆಸಿ, ತಲೆಸುತ್ತಿನ ಮಾತ್ರೆ ಬರೆದುಕೊಟ್ಟರು. ನುಂಗಿದರೆ ಮಂಪರು, ಎದ್ದರೆ ಮತ್ತದೇ. ಮೇಲಿನ ಶೆಲ್ಫಿನಿಂದ ಬಟ್ಟೆ ಗಂಟು ಇಳಿಸಲು ತಲೆ ಎತ್ತಿದರೆ ಸಾಕು, ಅಂಗಡಿಯೇ ಮಗುಚಿದ ಹಾಗೆ.

ಮೂರು ವಾರ ಹೀಗೇ ಕಳೆಯಿತು. ನಮ್ಮ ಮಹಡಿಯ ರೂಮಿನಲ್ಲಿ ಹಾಸನದ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಇಲ್ಲೇ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದುತ್ತಾಳೆ. ಅವಳೇ ಒಂದು ದಿನ ಕೇಳಿದಳು: "ಆಂಟಿ, ಸುಮ್ನೆ ಕೂತಾಗಲೂ ಸುತ್ತುತ್ತಾ, ಇಲ್ಲಾ ಮಗ್ಗುಲು ಬದಲಿಸಿದಾಗ ಮಾತ್ರನಾ?" ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಆ ಸಂಸ್ಥೆ 1965ರಿಂದ ನಮ್ಮೂರಲ್ಲೇ ಇದೆ. ಮಾತು ಬಾರದ, ಕಿವಿ ಕೇಳದ ಮಕ್ಕಳಿಗೆ ಅಂತಷ್ಟೇ ನಾನು ತಿಳಿದಿದ್ದೆ. ನಾವು ನೆಟ್ಟಗೆ ನಿಲ್ಲುವ ಲೆಕ್ಕವೂ ಕಿವಿಯೊಳಗೇ ಇದೆ ಅಂತ ಹೇಳಿಕೊಟ್ಟವಳು ಈ ಹುಡುಗಿ. ಅಲ್ಲಿ ಕ್ಯಾಲ್ಸಿಯಂನ ಪುಟ್ಟ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಪಕ್ಕದ ನಾಳಕ್ಕೆ ಜಾರಿದರೆ, ತಲೆ ಅಲ್ಲಾಡಿದಾಗೆಲ್ಲ ಹೀಗೆ ಸುತ್ತು. ಪುಟ್ಟಾ, ಆ ಒಂದು ಪ್ರಶ್ನೆಗೆ ನಿನಗೆ ಜೀವನಪೂರ್ತಿ ಬ್ಲೌಸ್ ಹೊಲಿಗೆ ಫ್ರೀ.

ಅವಳ ಮಾತು ಕೇಳಿ ಹೋದ ಕಿವಿ ಡಾಕ್ಟರು ನನ್ನ ತಲೆ ಬಲಕ್ಕೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿದರು. "ಕಣ್ಣು ಮುಚ್ಚಬೇಡಿ" ಅಂದರು. ನನ್ನ ಕಣ್ಣುಗುಡ್ಡೆ ಮಿಷಿನ್ ಸೂಜಿಯ ಹಾಗೆ ಹೊಡೆದುಕೊಳ್ಳುತ್ತಿತ್ತಂತೆ. ಆಮೇಲೆ ತಲೆ ಎಡಕ್ಕೆ, ಮೈ ಎಡಕ್ಕೆ, ಮುಖ ನೆಲಕ್ಕೆ, ಕೊನೆಗೆ ಎಬ್ಬಿಸಿ ಕೂರಿಸಿದರು. ಇದಕ್ಕೆ ಎಪ್ಲಿ ಅಂತಾರೆ. ಜಾನ್ ಎಪ್ಲಿ ಅನ್ನುವ ಅಮೆರಿಕದ ಡಾಕ್ಟರು ಕಂಡುಹಿಡಿದದ್ದು. ಚುಚ್ಚುಮದ್ದಿಲ್ಲ, ಕತ್ತರಿಯಿಲ್ಲ. ಮರುವಾರ ಇನ್ನೊಮ್ಮೆ ಮಾಡಿದರು. "ಹರಳು ಜಾಗಕ್ಕೆ ಹೋಯ್ತು" ಅಂದರು. ಯಜಮಾನರು ದಾರಿಯಲ್ಲೇ ಮೈಸೂರು ಪಾಕ್ ಕಟ್ಟಿಸಿಕೊಂಡರು.

ನಿಜವಾದ ಕಷ್ಟ ಶುರುವಾಗಿದ್ದು ಆ ಮೈಸೂರು ಪಾಕ್ ಮುಗಿದ ಮೇಲೆ.

ಗಿರ್ರನೆ ತಿರುಗುವುದು ನಿಂತಿತ್ತು, ನಿಜ. ಆದರೆ ನೆಲ ನೆಲದ ಹಾಗಿರಲಿಲ್ಲ. ತಲಕಾಡಿನಲ್ಲಿ ಹರಿಗೋಲು ಹತ್ತುವಾಗ ತಳ ಒಳಗೆ ಹೋಗಿ ಮೇಲೆ ಬರುತ್ತದಲ್ಲ, ನಮ್ಮ ಹಜಾರವೂ ಹಾಗೇ ಆಗಿತ್ತು. ದೇವರಾಜ ಮಾರ್ಕೆಟ್‌ಗೆ ಹೋದರೆ ಹೂವಿನ ರಾಶಿ, ಕುಂಕುಮದ ರಾಶಿ, ಜನ ಎಲ್ಲ ಸೇರಿ ಕಣ್ಣಿಗೆ ನುಗ್ಗುತ್ತಿತ್ತು. ರಾತ್ರಿ ಮೂರು ದಿಂಬು ಇಟ್ಟು ಒರಗಿ ಕೂತೇ ಮಲಗುತ್ತಿದ್ದೆ. ಬಲಮಗ್ಗುಲು ಅಂದರೆ ಹಾವು ಕಂಡ ಹಾಗೆ. ದಸರಾ ದೀಪ ನೋಡಲು ಕರೆದರೆ ಬೇಡ ಅಂದೆ. ಒಂದು ಸಂಜೆ ಜಿಪ್ ಕೂರಲಿಲ್ಲ ಅಂತ ಅರ್ಧ ಗಂಟೆ ಅತ್ತಿದ್ದೇನೆ. ಅಷ್ಟರಲ್ಲಿ ಹತ್ತಿರದವರೇ ಒಬ್ಬರು "ಡಾಕ್ಟರು ವಾಸಿ ಆಯ್ತು ಅಂದ್ರಲ್ಲ, ಇನ್ನೇನು?" ಅಂದುಬಿಟ್ಟರು. ಜ್ವರವಾದರೆ ಮುಟ್ಟಿ ನೋಡಬಹುದು. ಇದನ್ನು ಹೇಗೆ ತೋರಿಸಲಿ?

ಮತ್ತೆ ಡಾಕ್ಟರ ಹತ್ತಿರ ಹೋದೆ. ಅವರು ನಗಲಿಲ್ಲ. ಅದಕ್ಕೇ ಮೊದಲ ನಮಸ್ಕಾರ. "ಇಷ್ಟು ದಿನ ಬಲಗಿವಿ ತಪ್ಪು ಲೆಕ್ಕ ಕೊಡ್ತಿತ್ತು. ಮಿದುಳು ಅದಕ್ಕೇ ಹೊಂದಿಕೊಂಡಿದೆ. ಈಗ ಸರಿ ಲೆಕ್ಕ ಬಂದರೂ ನಂಬೋಕೆ ಟೈಮ್ ಬೇಕು" ಅಂದರು. ಹರಳು ಸರಿಹೋದ ಮೇಲೂ ಸುಮಾರು ಜನರಿಗೆ ಕೆಲವು ದಿನ, ಕೆಲವು ವಾರ ಹೀಗೆ ತೇಲಿದಂತೆ ಇರುತ್ತದಂತೆ. ನಾನೊಬ್ಬಳೇ ಅಲ್ಲ ಅಂತ ಕೇಳಿದ್ದೇ ಅರ್ಧ ಔಷಧಿ. ಮಾತ್ರೆ ನಿಲ್ಲಿಸಿದರು. ಅದು ಮಿದುಳನ್ನು ಮಂಕು ಮಾಡಿ ಕಲಿಯೋದನ್ನು ತಡ ಮಾಡುತ್ತದೆ ಅಂದರು. ಹೆದರಿ ಕುತ್ತಿಗೆ ಬಿಗಿಹಿಡಿದು ಕೂತರೂ ಅಷ್ಟೇ. ಆಮೇಲೆ, ಇಷ್ಟು ದಿನದಲ್ಲಿ ಮೊದಲ ಸಲ, ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಅಂತ ಕೇಳಿದರು. ಕೌನ್ಸೆಲಿಂಗ್‌ಗೆ ಕಳಿಸಿದರು. ಹುಚ್ಚು ಹಿಡಿದವರಿಗೆ ಅದು ಅಂದುಕೊಂಡೇ ಹೋದೆ. ಅಲ್ಲಿ ಕೂತು ಹೆದರಿಕೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದ ಆ ಎರಡು ಮಧ್ಯಾಹ್ನ ಬಹಳ ಹಗುರ ಮಾಡಿದವು.

ಪಕ್ಕದ ಮನೆಯ ಅಕ್ಕನಿಗೆ ಏನು ಹೇಳಲಿ? ದಿನಾ ಬೆಳಗ್ಗೆ ಆರಕ್ಕೆ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡಿಗೆ. ನಡೆಯುತ್ತಲೇ ತಲೆ ಎಡಕ್ಕೆ ಬಲಕ್ಕೆ ತಿರುಗಿಸಬೇಕು ಅಂತ ಡಾಕ್ಟರು ಹೇಳಿದ್ದರು. ಮೊದಲ ದಿನ ಅವರ ತೋಳು ಬಿಡಲೇ ಇಲ್ಲ ನಾನು. ಅಕ್ಕ "ಎಡಗಡೆ ನೋಡು, ಹೆಜ್ಜಾರ್ಲೆ ಹಕ್ಕಿ" ಅನ್ನೋರು. ತಿರುಗುತ್ತಿದ್ದೆ. "ಬಲಗಡೆ ನೋಡು, ನಿನ್ನ ಕಸ್ಟಮರ್" ಅನ್ನೋರು. ಬ್ಲೌಸ್ ಕೇಳುತ್ತಾರೇನೋ ಅಂತ ಬೇಗ ತಿರುಗುತ್ತಿದ್ದೆ! ಅಲ್ಲಿ ಯಾರೂ ಇರುತ್ತಿರಲಿಲ್ಲ. ಒಂದು ದಿನವೂ "ಇವತ್ತು ಹೇಗಿದೆ?" ಅಂತ ಕೇಳಲಿಲ್ಲ ಮಹಾತಾಯಿ. ಐದನೇ ವಾರ ನೋಡಿದರೆ ನಾನು ಅವರಿಗಿಂತ ಹತ್ತು ಹೆಜ್ಜೆ ಮುಂದಿದ್ದೆ.

ಅಂಗಡಿಯ ಹುಡುಗಿ ಒಬ್ಬಳೇ ಫಾಲ್ಸ್, ಹೆಮ್ಮಿಂಗ್ ಎಲ್ಲ ಮುಗಿಸಿ ಕೊಟ್ಟಳು. ಅವಳ ಸಂಬಳ ಜಾಸ್ತಿ ಮಾಡಿದ್ದೇನೆ, ಇಲ್ಲಿ ಹೊಗಳಿದರೆ ನಾಚುತ್ತಾಳೆ. ಅತ್ತೆ ಈಗಲೂ ಪಿತ್ತ ಅಂತಲೇ ಹೇಳುತ್ತಾರೆ. ಆದರೆ ರಾತ್ರಿ ನಾನು ಎದ್ದಾಗೆಲ್ಲ ಲೈಟ್ ಹಾಕಿದವರು ಅವರೇ.

ಮತ್ತೆ ಬರಬಹುದು ಅಂತಲೂ ಡಾಕ್ಟರು ಹೇಳಿದ್ದಾರೆ. ಬಂದರೆ ಎಲ್ಲಿಗೆ ಹೋಗಬೇಕು ಅಂತ ಈಗ ಗೊತ್ತು. ಹೋದ ವಾರ ಬಲಮಗ್ಗುಲಿಗೆ ಮಲಗಿ, ಬೆಳಗಾದ ಮೇಲೇ ಅದು ಬಲಮಗ್ಗುಲು ಅಂತ ಗೊತ್ತಾಯಿತು.

ಮಗಳ ಮದುವೆ ಬ್ಲೌಸು ಬೇರೆಯವರಿಗೆ ಕೊಡದೆ ಕಾದವರೇ, ಹನ್ನೊಂದೂ ರೆಡಿ ಇವೆ. ಮೇಲಿನ ಶೆಲ್ಫಿನಲ್ಲಿಟ್ಟಿದ್ದೇನೆ. ಬನ್ನಿ, ನಾನೇ ಇಳಿಸಿಕೊಡ್ತೀನಿ.