ಕಪಾಟು ಸೇರಿದ ಕ್ಯಾಮೆರಾ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನ ಅಮ್ಮ ಹೇಳಿರ್ತಾಳೆ. ನಿನ್ನ ಪತ್ರದ ಒಂದೇ ಸಾಲು ನನ್ನ ನಿದ್ದೆ ಕೆಡಿಸಿತು. "ದುಡ್ಡಿಗೆ ಫೋಟೋ ತೆಗೆಯಲು ಶುರು ಮಾಡಿದರೆ ಕ್ಯಾಮೆರಾ ಮೇಲಿನ ಪ್ರೀತಿ ಸತ್ತುಹೋಗುತ್ತಾ ಮಾವಾ?"

ಸ್ಟುಡಿಯೋ ಸೇರಿದ ಹೊಸದರಲ್ಲಿ, ಫೋಟೋ ತೊಳೆಯುವ ಡಾರ್ಕ್‌ರೂಮ್ ಬಿಟ್ಟು ಬರಲು ನನಗೆ ಮನಸ್ಸೇ ಆಗುತ್ತಿರಲಿಲ್ಲ. ಕೆಂಪು ದೀಪ, ಡೆವಲಪರ್ ಟ್ರೇಯಲ್ಲಿ ಬಿಳಿ ಕಾಗದ. ಮೊದಲು ಕೂದಲು ಮೂಡುತ್ತಿತ್ತು, ಆಮೇಲೆ ಹುಬ್ಬು, ಕಣ್ಣು, ಕೊನೆಗೆ ಕೆನ್ನೆಯ ನೆರಳು. ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ನಾಲ್ಕೈದು ವರ್ಷ ಪಾಸ್‌ಪೋರ್ಟ್ ಫೋಟೋ, ಮದುವೆ, ಮತ್ತೆ ಪಾಸ್‌ಪೋರ್ಟ್ ಫೋಟೋ. ಒಂದು ದಿನ ನೋಡ್ತೇನೆ, ಟ್ರೇ ಬಿಟ್ಟು ಗಡಿಯಾರ ನೋಡುತ್ತಾ ನಿಂತಿದ್ದೇನೆ! ಹೆದರಿಬಿಟ್ಟೆ. ಇದ್ದ ಪ್ರೀತಿಯಾದರೂ ಉಳಿಯಲಿ ಅಂತ ಕೆಲಸ ಬಿಟ್ಟು ಗುಮಾಸ್ತನಾದೆ. ಭಾನುವಾರ ತೆಗೆಯೋಣ ಅಂತ ಕ್ಯಾಮೆರಾ ಕಪಾಟಿನಲ್ಲಿಟ್ಟೆ. ಅಂಥ ಭಾನುವಾರ ಬರಲೇ ಇಲ್ಲ. ನಮ್ಮೂರ ಮಳೆಗಾಲ ಗೊತ್ತಲ್ವಾ, ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ. ಎರಡು ಮಳೆಗಾಲ ಕಳೆದು ನೋಡಿದರೆ ಲೆನ್ಸ್ ಒಳಗೆಲ್ಲ ಫಂಗಸ್.

ನೀನು ಕೇಳಿದ್ದಕ್ಕೇ ಬರ್ತೇನೆ. ಕೆಲಸ ಬಿಡುವ ಹಿಂದಿನ ವರ್ಷ, ಕೃಷ್ಣ ಮಠದ ಪೂಜೆಯ ಹೊಣೆ ಒಬ್ಬ ಸ್ವಾಮಿಗಳಿಂದ ಇನ್ನೊಬ್ಬರಿಗೆ ಹೋಗುವ 1986ರ ಪರ್ಯಾಯದ ಬೆಳಗಿನ ಜಾವ, ಮೆರವಣಿಗೆ ಹೊರಡುವ ಜೋಡುಕಟ್ಟೆಯಲ್ಲಿ ನಿಂತಿದ್ದೆ. ಮೆರವಣಿಗೆ ತೆಗೆಯಲು ಯಾರೋ ದುಡ್ಡು ಕೊಟ್ಟಿದ್ದರು. ರೋಲಿಗೆ 36 ಫೋಟೋ, ಲೆಕ್ಕ ಹಾಕಿಯೇ ಕ್ಲಿಕ್ ಮಾಡಬೇಕು. ಅಪ್ಪನ ಹೆಗಲ ಮೇಲೆ ಕೂತ ಒಬ್ಬ ಹುಡುಗ, ಅಷ್ಟು ಚೆಂಡೆ ಸದ್ದಿನ ನಡುವೆ, ಅಪ್ಪನ ತಲೆಯನ್ನೇ ದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದ. ತೆಗೆದೆ. ನಾನು ತೆಗೆದದ್ದರಲ್ಲೆಲ್ಲ ಅದೇ ಒಳ್ಳೆಯದು. ದುಡ್ಡಿನ ಕೆಲಸ ಇಲ್ಲದಿದ್ದರೆ ಆ ಹೊತ್ತಿಗೆ ನಾನು ಹಾಸಿಗೆಯಲ್ಲಿರುತ್ತಿದ್ದೆ, ಅಲ್ವಾ? ಇದು ನನಗೆ ಹೊಳೆದದ್ದು ಮೊನ್ನೆ, ನಿನ್ನ ಪತ್ರ ಓದಿದ ಮೇಲೆ.

ಹೋಮೈ ವ್ಯಾರಾವಾಲಾ ಗೊತ್ತಲ್ಲ, ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಅವರೂ 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಆದರೆ ಅದಕ್ಕೂ ಮೊದಲು ಸುಮಾರು ಮೂವತ್ತು ವರ್ಷ ಅದನ್ನೇ ದುಡಿಮೆ ಮಾಡಿಕೊಂಡಿದ್ದರು. ಪ್ರೀತಿ ಇಲ್ಲದೆ ಅಷ್ಟು ವರ್ಷ ಆಗುತ್ತಾ ಮಾರಾಯ್ತಿ?

ಅರ್ಧಕ್ಕೇ ಬಿಟ್ಟು ಬಂದವನು ಬುದ್ಧಿ ಹೇಳುವುದು ಸರಿಯೋ ಗೊತ್ತಿಲ್ಲ. ಆದರೂ, ಮದುವೆ ಒಪ್ಪಿಕೊಂಡರೆ ಮುಂಗಡ ತಗೋ, ನೆಂಟರಿಂದಲೂ. ಮಲ್ಪೆ ಕಡಲತೀರದಿಂದ ಬಂದ ಕೂಡಲೇ ಕ್ಯಾಮೆರಾ ಒರೆಸು, ಉಪ್ಪುಗಾಳಿ ಸುಮ್ನೆ ಬಿಡುವುದಿಲ್ಲ. ಲೆನ್ಸನ್ನು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಡು. ಯಾರೂ ಕೇಳದ ಫೋಟೋ ಒಂದನ್ನು ಪ್ರತಿ ಕೆಲಸದಲ್ಲೂ ನಿನಗಾಗಿ ತೆಗಿ. ಇಷ್ಟೇ ನನಗೆ ತಿಳಿದದ್ದು.

ಬೇಸರ ಬಂದೇ ಬರುತ್ತೆ, ನಿನಗೆ ಸುಳ್ಳು ಹೇಳಲಾರೆ. ಬಂದಾಗ ನನ್ನ ಹಾಗೆ ಹೆದರಿ ಓಡಬೇಡ. ಬರೀ ಬೇಸರವನ್ನು ನಾನು ಪ್ರೀತಿ ಸತ್ತುಹೋಯಿತು ಅಂದುಕೊಂಡೆ.

ಆ ಲೆನ್ಸ್ ಇನ್ನೂ ಇಟ್ಟುಕೊಂಡಿದ್ದೇನೆ. ದೀಪಾವಳಿಗೆ ಬಂದಾಗ ಬೆಳಕಿಗೆ ಹಿಡಿದು ತೋರಿಸ್ತೇನೆ, ಒಳಗೆ ಜೇಡರ ಬಲೆಯ ಹಾಗೆ ಕಾಣುತ್ತೆ. ನಿನ್ನ ಕ್ಯಾಮೆರಾ ಮರೆಯದೆ ತಾ.

ನಿನ್ನ ಮಾವ
ಉಡುಪಿ