ಬ್ರೇಕ್ ಪೈಪಿಗೆ ತೇಪೆ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ,

ಕಲಬುರಗಿಯ ಹುಮನಾಬಾದ್ ರಿಂಗ್ ರಸ್ತೆ ಕಡೆ ನನ್ನದೊಂದು ಗ್ಯಾರೇಜ್ ಇದೆ. ಜೀಪು, ಕ್ರೂಸರ್, ಪಿಕಪ್‌ಗಳೇ ಜಾಸ್ತಿ ಬರುತ್ತವೆ. ಮಳೆಗಾಲ ಮುಗಿದ ಮೇಲೆ ಹಳೇ ಗಾಡಿಯ ಕೆಳಗೆ ಮಲಗಿ ನೋಡಿದರೆ ಭಯವಾಗುತ್ತದೆ. ನಮ್ಮ ಎರೆ ಮಣ್ಣು ಬೇಗ ಒಣಗುವಂಥದ್ದಲ್ಲ. ಹಿಂದಿನ ಆಕ್ಸಲ್ ಮೇಲೆ, ಪೈಪ್ ಹಿಡಿದಿರುವ ಕ್ಲಿಪ್ಪಿನ ಸಂದಿಯಲ್ಲಿ ಹಸಿಯಾಗಿಯೇ ಕೂತು, ಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯುವ ಉಕ್ಕಿನ ಪೈಪನ್ನು ತಿನ್ನುತ್ತದೆ. ಗೊಬ್ಬರದ ಚೀಲ ಸಾಗಿಸುವ ಪಿಕಪ್‌ಗಳ ಸ್ಥಿತಿ ಇನ್ನೂ ಕೆಟ್ಟದ್ದು.

ಈ ಪೈಪು ಸಾಮಾನ್ಯವಾಗಿ 4.75 ಮಿ.ಮೀ. ದಪ್ಪ. ಅದರ ಗೋಡೆ 1 ಮಿ.ಮೀ. ಕೂಡ ಇಲ್ಲ. ಬ್ರೇಕ್ ಜೋರಾಗಿ ತುಳಿದರೆ ಟೈರಿನ ಗಾಳಿಯ 30 ಪಟ್ಟಿನಷ್ಟು ಒತ್ತಡ ಅದರೊಳಗೆ ಬೀಳುತ್ತದೆ. ಹಗುರವಾಗಿ ತುಳಿಯುವಾಗ ಎಲ್ಲ ಸರಿ ಇರುತ್ತದೆ. ಎಮ್ಮೆ ಅಡ್ಡ ಬಂತು, ಮಗು ಓಡಿ ಬಂತು ಅಂತ ಪೂರ್ತಿ ತುಳಿದ ಹೊತ್ತಿಗೇ ಒಡೆಯುತ್ತದೆ. ಈಚಿನ ಗಾಡಿಗಳಲ್ಲಿ ಎರಡು ಲೈನ್ ಇರುತ್ತವೆ, ಒಂದು ಹೋದರೂ ಇನ್ನೊಂದು ಅಷ್ಟಿಷ್ಟು ಹಿಡಿಯುತ್ತದೆ. ತೀರಾ ಹಳೇ ಜೀಪುಗಳಲ್ಲಿ ಒಂದೇ ಲೈನ್. ಆಮೇಲೆ ಹ್ಯಾಂಡ್ ಬ್ರೇಕೇ ಗತಿ. ಗಾಣಗಾಪುರದ ಹುಣ್ಣಿಮೆಗೆ, ತೊಗರಿ ಕೊಯ್ಲಿಗೆ ಜನರನ್ನು ತುಂಬಿಕೊಂಡು ಹೋಗುವುದು ಇಂಥ ಗಾಡಿಗಳೇ.

ಪೈಪ್ ಸೋರಿದಾಗ ಮಾಡಿಸುವ ತೇಪೆ ಕೆಲಸ ನೋಡಿದರೆ ಸಂಕಟವಾಗುತ್ತದೆ. ಸೋರುವ ಚಕ್ರದ ಪೈಪನ್ನು ಮಡಚಿ, ಬಡಿದು ಬಂದ್ ಮಾಡಿಸಿರುತ್ತಾರೆ. ಬ್ರೇಕ್ ತುಳಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಕೆಲವರು ಕೊಳೆತ ತುಂಡು ಕತ್ತರಿಸಿ ರಬ್ಬರ್ ನಳಿಗೆ ಸೇರಿಸಿ ಕ್ಲಿಪ್ ಬಿಗಿಸಿರುತ್ತಾರೆ. ಒಂದು ಕಡೆ ತೂತು ಬಿದ್ದರೆ ಅದೇ ವಯಸ್ಸಿನ ಉಳಿದ ಪೈಪುಗಳೂ ಸವೆದಿರುತ್ತವೆ ಅಲ್ವಾ? ಎಲ್ಲವನ್ನೂ ಒಟ್ಟಿಗೆ ಬದಲಿಸಿ. ತಾಮ್ರ ಮತ್ತು ನಿಕಲ್ ಬೆರೆಸಿದ ಪೈಪ್ ಸಿಕ್ಕರೆ ಒಳ್ಳೆಯದು, ಅದಕ್ಕೆ ತುಕ್ಕಿನ ಕಾಟವಿಲ್ಲ. ಫ್ರಿಜ್ ರಿಪೇರಿಗೆ ಬಳಸುವ ಬರೀ ತಾಮ್ರದ ಪೈಪ್ ಮಾತ್ರ ಬೇಡವೇ ಬೇಡ. ಗಾಡಿ ಅದುರಿ ಅದುರಿ ಅದು ಬಿರುಕು ಬಿಡುತ್ತದೆ. ಬ್ರೇಕ್ ಆಯಿಲ್ ತೇವ ಹೀರುವ ಆಯಿಲ್, ಪೈಪ್ ಒಳಗಿನಿಂದಲೂ ಕೆಡುತ್ತದೆ. ಎರಡು ವರ್ಷಕ್ಕೊಮ್ಮೆ ಹೊಸ ಆಯಿಲ್ ಹಾಕಿಸಿ, ಪೈಪಿನೊಳಗೆ ಸೇರಿದ ಏರ್ ತೆಗೆಸಿ.

8 ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆ ಇದೆ. ಖಾಸಗಿ ಗಾಡಿಗೆ 15 ವರ್ಷದ ನಂತರ 5 ವರ್ಷಕ್ಕೊಮ್ಮೆ. ಬ್ರೇಕ್ ಹಿಡಿಯುತ್ತದೋ ಇಲ್ಲವೋ ಅಂತ ಓಡಿಸಿ ನೋಡಿದರೆ ಸಾಲದು. ಒಡೆಯಲಿಕ್ಕೆ ಬಂದಿರುವ ಪೈಪೂ ಆ ಪರೀಕ್ಷೆ ಪಾಸಾಗುತ್ತದೆ. ಕಲಬುರಗಿ, ಬೀದರ್, ಯಾದಗಿರಿಯ ಆರ್‌ಟಿಒ ಸಾಹೇಬರಲ್ಲಿ ನನ್ನ ಕೇಳಿಕೆ ಇಷ್ಟು. ಕೆಳಭಾಗ ತೊಳೆಸಿಕೊಂಡು ಬಂದ ಗಾಡಿಯನ್ನು ಮಾತ್ರ ತಪಾಸಣೆಗೆ ತೆಗೆದುಕೊಳ್ಳಿ. ಟಾರ್ಚ್ ಹಿಡಿದು ಹಿಂದಿನ ಆಕ್ಸಲ್ ತನಕ ಪೈಪ್ ನೋಡಿ. ತುಕ್ಕು ಪದರು ಪದರಾಗಿ ಎದ್ದಿದ್ದರೆ, ಪೈಪ್ ಬದಲಿಸಿ ತರುವವರೆಗೆ ಸರ್ಟಿಫಿಕೇಟ್ ಕೊಡಬೇಡಿ.

ಒಬ್ಬ ಗ್ಯಾರೇಜ್ ಮೆಕ್ಯಾನಿಕ್, ಕಲಬುರಗಿ