ತಾರಿಯ ಫೋಟೋದಲ್ಲಿ ಇನ್ನಿಬ್ಬರು

ಭಾನುವಾರ ಸಂಜೆ ಕಾರವಾರದ ಕೋಡಿಬಾಗದಲ್ಲಿ ಕುರ್ಚಿ ಸಾಲದೆ ಕಿಟಕಿಯ ಕಟ್ಟೆಯ ಮೇಲೆ ಕುಳಿತು, ಇಲ್ಲಿನ ಹಳೆಯ ಸ್ಟುಡಿಯೋ ಫೋಟೋಗ್ರಾಫರ್ 'ಫೋಟೋ ಮಾಮ'ನ ಕುರಿತ ನಮ್ಮ ಸಾಕ್ಷ್ಯಚಿತ್ರ ನೋಡಿದವರಿಗೆಲ್ಲ ನಮಸ್ಕಾರ. 52 ನಿಮಿಷದ ಚಿತ್ರಕ್ಕೆ ಮೂರು ಮಳೆಗಾಲ ಹಿಡಿಯಿತು.

ಎಂಬತ್ತಾರು ವರ್ಷದ ಫೋಟೋ ಮಾಮ ಮೊದಲ ದಿನವೇ ಷರತ್ತು ಹಾಕಿದ್ದರು: "ನನ್ನನ್ನು ಕಡಿಮೆ ತೋರಿಸು, ನೆಗೆಟಿವ್ ಹೆಚ್ಚು ತೋರಿಸು." ತೋರಿಸಲು ಉಳಿದಿರಬೇಕಲ್ಲ! ಕಾರವಾರದ ಹವೆಯಲ್ಲಿ ನೆಗೆಟಿವ್‌ನ ಮೇಲಿನ ಜೆಲಟಿನ್ ಲೇಪ ಎಂದರೆ ಬೂಷ್ಟಿಗೆ ಹಬ್ಬದೂಟ. ಸ್ಟುಡಿಯೋದಲ್ಲಿದ್ದವು ಹೆಚ್ಚುಕಡಿಮೆ ಹಾಳಾಗಿದ್ದವು. ಮಾಮಿ ಅಡುಗೆಮನೆಯ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಗಳಲ್ಲಿ ಇಟ್ಟವು ಉಳಿದಿದ್ದವು, ಹೊಗೆಯ ವಾಸನೆಯೊಂದಿಗೆ. ಮಾಮಿ, ಚಿತ್ರ ನಿಂತಿರುವುದೇ ಆ ಡಬ್ಬಿಗಳ ಮೇಲೆ. ಸ್ಕ್ಯಾನ್ ಮಾಡಿಕೊಡುತ್ತೇವೆಂದು ಎರಡು ಡಬ್ಬಿ ಒಯ್ದು ಒಂದನ್ನೇ ಮರಳಿಸಿದವರಿಗೆ ಮಾತ್ರ ಈ ಬರಹದಲ್ಲಿ ಪಾಲಿಲ್ಲ.

ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಚುಕ್ಕೆ ಇಡುತ್ತ ಸಿಡುಬಿನ ಕಲೆ ಮರೆಸುವುದನ್ನು ಮಾಮ ನನಗಾಗಿ ಮತ್ತೊಮ್ಮೆ ಮಾಡಿ ತೋರಿಸಿದರು. ನೆಗೆಟಿವ್‌ನಲ್ಲಿ ಕಪ್ಪಾದದ್ದು ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಹೆಣ್ಣು ನೋಡಲು ಬರುವ ಮೊದಲು ಎಷ್ಟು ಮನೆಗಳಿಗೆ ಈ ಪೆನ್ಸಿಲ್ ಹೋಗಿ ಬಂದಿತ್ತೋ.

ತೋಡೂರಿನ ಪುನರ್ವಸತಿ ಕೇಂದ್ರದ ಹಿರಿಯರಿಗೆ ನಾನು ಹೇಗೆ ಕೃತಜ್ಞತೆ ಹೇಳಲಿ? ಅವರು ಊರು ಬಿಟ್ಟುಕೊಡಬೇಕಾದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತು. ನಾವು ಒಯ್ದದ್ದು ಅದಕ್ಕಿಂತ ಹಿಂದಿನ ಒಂದು ಮದುವೆಯ ಫೋಟೋ. ಅವರು ಮದುಮಕ್ಕಳನ್ನು ಬಿಟ್ಟು ಹಿಂದಿದ್ದ ಜಗುಲಿ ನೋಡಿದರು. ಕಂಬ ಎಣಿಸಿದರು. ಒರಳುಕಲ್ಲು ಯಾರದೆಂದು ವಾದ ನಡೆಯಿತು. ಮಾಮನಿಗೆ ಇದನ್ನು ಹೇಳಿದಾಗ ಅವರು ನಕ್ಕರು: "ಹಿನ್ನೆಲೆ ಕಾಣಬಾರದೆಂದು ಯಾವಾಗಲೂ ಬಿಳಿ ಪಂಚೆ ಹಿಡಿಸುತ್ತಿದ್ದೆ. ಅವತ್ತು ಪಂಚೆ ಒಣಗಿರಲಿಲ್ಲ."

2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮರುದಿನ ಮಾಮ ಹುಡುಕಿಸಿದ ಫೋಟೋ ನಿಮಗೆ ನೆನಪಿರಬಹುದು: ಆ ಸೇತುವೆ ಆಗುವ ಮೊದಲು ಆಚೆ ದಡದ ಸದಾಶಿವಗಡಕ್ಕೆ ಹೊರಟ ತಾರಿ, ಅಂದರೆ ಹೊಳೆ ದಾಟಿಸುವ ದೋಣಿ, ಅದರಲ್ಲಿ ಹನ್ನೊಂದು ಜನ. ಒಬ್ಬರ ಹೆಸರೂ ಮಾಮನಿಗೆ ಹೊಳೆಯಲಿಲ್ಲ. ಮೀನು ಪೇಟೆಯ ಅಕ್ಕ ಒಬ್ಬರು ಬುಟ್ಟಿಯನ್ನೂ ಇಳಿಸದೆ ಎಂಟು ಹೆಸರು ಹೇಳಿ, ಒಂಬತ್ತನೆಯವನ ಮೇಲೆ ಬೆರಳಿಟ್ಟು, "ಇವನು ನನ್ನ ಅವ್ವನಿಗೆ ಬಂಗುಡೆಯ ದುಡ್ಡು ಕೊಡಲೇ ಇಲ್ಲ" ಎಂದರು. ಅಕ್ಕಾ, ಭಾನುವಾರ ಅತಿ ಹೆಚ್ಚು ನಗು ಬಿದ್ದದ್ದು ನಿಮ್ಮ ಆ ಮಾತಿಗೇ.

ಇನ್ನು ಇಬ್ಬರು ಉಳಿದಿದ್ದಾರೆ. ಒಬ್ಬರು ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡವರು, ಇನ್ನೊಬ್ಬಳು ಅವರ ಪಕ್ಕ ಕೋಳಿಯನ್ನು ಎದೆಗೊತ್ತಿಕೊಂಡ ಹುಡುಗಿ. ಗೊತ್ತಿದ್ದವರು ಮಾಮನ ಮನೆಗೇ ಬಂದು ಹೇಳಿ. ಸಂಜೆ ಐದರ ನಂತರ ಅವರು ಜಗುಲಿಯಲ್ಲೇ ಇರುತ್ತಾರೆ.